ಮೆಕ್ಸಿಕೋದ ನೀರು, ನಮ್ಮ ಹೊಟ್ಟೆ



ಹಿಂದಿನ ಬರಹದಲ್ಲಿ ಗ್ವಾದಲಹಾರ ನಗರದ ಭಿತ್ತಿಚಿತ್ರಗಳ ವಿಚಾರವನ್ನು ಉತ್ಸಾಹದಿಂದ ಬರೆದಿದ್ದೆ. ಓದಿದವರಲ್ಲಿ ಬಹುಪಾಲು ಮಂದಿ ದೂರವಾಣಿಯಲ್ಲಿ ವಿಚಾರಿಸಿದ್ದು ಚಿತ್ರಗಳನ್ನಲ್ಲ. "ಅಲ್ಲಿಯ ನೀರು, ಊಟ ಒಗ್ಗಿತೇ ಸಾರ್?" ಎಂಬುದೇ ಎಲ್ಲರ ಪ್ರಶ್ನೆ. 1989ರ ತಂಡದ ಹುಡುಗನೊಬ್ಬ (ಹುಡುಗ ಎಂದೆ, ಅವನಿಗೀಗ ಐವತ್ತು ದಾಟಿದೆ) ಕಂಪನಿಯ ಕೆಲಸದ ಮೇಲೆ ಆರು ತಿಂಗಳ ಮಟ್ಟಿಗೆ ಅದೇ ಊರಿಗೆ ಹೊರಟಿದ್ದಾನಂತೆ. ಜೊತೆಯಲ್ಲಿ ವಯಸ್ಸಾದ ತಾಯಿಯೂ ಇದ್ದಾರೆ. ಅವನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಐದು ನಿಮಿಷದಲ್ಲಿ ಉತ್ತರಿಸಲಾಗದೆ, "ಬರೆಯುತ್ತೇನೆ, ಓದಿಕೋ" ಎಂದೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನಿಗೆ ಸಂಕ್ಷಿಪ್ತವಾಗಿ ಮಾತನಾಡುವುದು ಬರುವುದಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ.

ನಾವು ಹೋದದ್ದು 2024ರ ಜನವರಿಯಲ್ಲಿ. ಅಳಿಯ ಅಲ್ಲಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಮಗಳು, ಅಳಿಯ, ಮೊಮ್ಮಗಳು ಗ್ವಾದಲಹಾರಕ್ಕೆ ಅಂಟಿಕೊಂಡಂತಿರುವ ಸಪೋಪಾನ್ ಎಂಬಲ್ಲಿ ವಾಸ. ಆರು ವಾರ ಇದ್ದು ಬರುವುದೆಂದು ನಿಶ್ಚಯವಾಯಿತು. ಎಲ್ಲವೂ ಸಂತೋಷದ ವಿಷಯವೇ, ಒಂದನ್ನು ಬಿಟ್ಟು. ನನ್ನಾಕೆಯ ಮೂತ್ರಪಿಂಡಗಳು ಕೆಲವು ವರ್ಷಗಳಿಂದ ಪೂರ್ಣವಾಗಿ ಕೆಲಸ ಮಾಡುತ್ತಿಲ್ಲ. ರಕ್ತದಲ್ಲಿ ಕ್ರಿಯಾಟಿನೈನ್ 1.8ರ ಆಸುಪಾಸಿನಲ್ಲಿ ನಿಂತಿದೆ. ಅದನ್ನು ಅಲ್ಲಿಯೇ ನಿಲ್ಲಿಸಿಕೊಂಡು ಬರುವುದೇ ನಮ್ಮ ಮನೆಯ ದೊಡ್ಡ ವ್ರತ. ಪ್ರಯಾಣಕ್ಕೆ ಅನುಮತಿ ಕೇಳಲು ಹೋದಾಗ ಬೆಂಗಳೂರಿನ ವೈದ್ಯರು ವಿಮಾನ, ದೂರ, ಚಳಿ ಯಾವುದನ್ನೂ ಪ್ರಸ್ತಾಪಿಸಲಿಲ್ಲ. "ಮೇಷ್ಟ್ರೇ, ಎರಡು ದಿನ ಭೇದಿಯಾದರೆ ನಿಮಗೆ ಅದು ಎರಡು ದಿನದ ತೊಂದರೆ. ಇವರಿಗೆ ಹಾಗಲ್ಲ. ದೇಹದ ನೀರು ಇಳಿದರೆ ಇರುವ ಮೂತ್ರಪಿಂಡವೂ ಕೈಕೊಡಬಹುದು" ಎಂದರು. ಹೋಗಬೇಡಿ ಎನ್ನಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಮೆಕ್ಸಿಕೋ ನನಗೆ ಪಿರಮಿಡ್ಡುಗಳ ದೇಶವಾಗಿ ಉಳಿಯಲಿಲ್ಲ, ನೀರಿನ ದೇಶವಾಯಿತು.

ನಮ್ಮ ನೆಂಟರಿಷ್ಟರು ಇದನ್ನು ಕೇಳಿ ನಕ್ಕರು. "ಸಂತೆಯಲ್ಲಿ ಬೆಲ್ಲದ ಪಾನಕ ಕುಡಿದು, ಜಾತ್ರೆಯಲ್ಲಿ ಉಂಡು ಬೆಳೆದವರು ನಾವು. ಹೊಟ್ಟೆ ಕೆಡುವುದೆಲ್ಲ ಅಮೆರಿಕದವರಿಗೆ" ಎಂದರು. ಈ ನಂಬಿಕೆ ವಿದ್ಯಾವಂತರಲ್ಲೂ ಗಟ್ಟಿಯಾಗಿರುವುದರಿಂದ ನಾಲ್ಕು ಮಾತು ಹೇಳಬೇಕು. ಪ್ರವಾಸಿಗರ ಭೇದಿಗೆ ಮೆಕ್ಸಿಕೋದಲ್ಲಿ ಬಹುಕಾಲದಿಂದ ಮೊದಲ ಕಾರಣವಾಗಿ ಕಂಡುಬಂದಿರುವುದು ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಒಂದು ವಿಷಕಾರಿ ಬಗೆ. ಗ್ವಾದಲಹಾರಕ್ಕೆ ಬೇಸಿಗೆಯಲ್ಲಿ ಸ್ಪ್ಯಾನಿಷ್ ಕಲಿಯಲು ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಮೇಲೆಯೇ ಈ ಕಾಯಿಲೆಯ ಎಷ್ಟೋ ಅಧ್ಯಯನಗಳು ನಡೆದಿವೆ. ಬಡಪಾಯಿ ಮಕ್ಕಳು ಭಾಷೆಯ ಜೊತೆಗೆ ವೈದ್ಯಶಾಸ್ತ್ರಕ್ಕೂ ಸೇವೆ ಸಲ್ಲಿಸಿದರು. ಈ ಬ್ಯಾಕ್ಟೀರಿಯಾದಲ್ಲಿ ಹಲವು ತಳಿಗಳು. ಒಂದು ಊರಿನಲ್ಲಿ ಬೆಳೆದವನ ಕರುಳು ಆ ಊರಿನ ತಳಿಗಳನ್ನು ಗುರುತು ಹಿಡಿದಿರುತ್ತದೆ, ಅಷ್ಟೆ. ಆ ಪರಿಚಯವೂ ಶಾಶ್ವತವಲ್ಲ, ವರ್ಷಗಳು ಕಳೆದಂತೆ ಮಾಸುತ್ತದೆ. ಇಪ್ಪತ್ತು ವರ್ಷದಿಂದ ಕ್ಯಾನ್ ನೀರು, ಫಿಲ್ಟರ್ ನೀರು ಕುಡಿಯುತ್ತಿರುವ ನಾವು "ಕಬ್ಬಿಣದ ಹೊಟ್ಟೆ" ಎಂದು ಹೇಳಿಕೊಳ್ಳುವುದು ಅಜ್ಜ ತುಪ್ಪ ತಿಂದಿದ್ದನೆಂದು ಕೈ ಮೂಸಿ ನೋಡಿಕೊಂಡಂತೆ.

ಈ ಕಾಯಿಲೆಗೆ ಇಂಗ್ಲಿಷ್ ಮಾತನಾಡುವ ಪ್ರವಾಸಿಗರು ಇಟ್ಟಿರುವ ಹೆಸರು 'ಮೊಕ್ತೆಸೂಮನ ಸೇಡು'. ಸ್ಪೇನಿನ ಕೊರ್ತೆಸ್ 1519ರಲ್ಲಿ ಬಂದಿಳಿದಾಗ ಆಳುತ್ತಿದ್ದ ದೊರೆ ಎರಡನೆಯ ಮೊಕ್ತೆಸೂಮ. 1520ರಲ್ಲಿ ಸ್ಪೇನಿನವರ ಸೆರೆಯಲ್ಲಿದ್ದಾಗಲೇ ಸತ್ತ. ಅವನ ಆತ್ಮ ಪರದೇಶೀಯರ ಕರುಳಿನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ ಎಂಬುದು ಹಾಸ್ಯ. 1979ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮೆಕ್ಸಿಕೋ ನಗರದ ಔತಣವೊಂದರಲ್ಲಿ, ಆತಿಥೇಯ ಅಧ್ಯಕ್ಷ ಲೋಪೆಸ್ ಪೊರ್ತಿಯೊ ಅವರ ಎದುರಿನಲ್ಲಿಯೇ ಈ ಹಾಸ್ಯವನ್ನು ಹೇಳಿ ಸಾಕಷ್ಟು ಟೀಕೆಗೆ ಒಳಗಾದರು. ಬಡಿಸಿದವರ ಮನೆಯಲ್ಲಿ ಕುಳಿತು "ನಿಮ್ಮೂರಿನಲ್ಲಿ ನನ್ನ ಹೊಟ್ಟೆ ಕೆಟ್ಟಿತ್ತು" ಎನ್ನುವುದು ಎಲ್ಲಿಯೂ ಶೋಭಿಸುವ ಮಾತಲ್ಲ. ಇತಿಹಾಸವಾದರೂ ತಿರುವುಮುರುವು. ಮೊಕ್ತೆಸೂಮನ ರಾಜಧಾನಿ ತೆನೋಚ್ತಿತ್ಲಾನ್ ಸರೋವರದ ನಡುವಿನ ದ್ವೀಪ. ಅದಕ್ಕೆ ಚಪುಲ್ತೆಪೆಕ್ ಬೆಟ್ಟದ ಬುಗ್ಗೆಗಳಿಂದ ಕಾಲುವೆಯಲ್ಲಿ ಸಿಹಿನೀರು ಬರುತ್ತಿತ್ತು. 1521ರ ಮುತ್ತಿಗೆಯಲ್ಲಿ ಸ್ಪೇನಿನವರು ಮೊದಲು ಕಡಿದುಹಾಕಿದ್ದರಲ್ಲಿ ಆ ನೀರಿನ ಕಾಲುವೆಯೂ ಒಂದು. ಅದಕ್ಕೆ ಹಿಂದಿನ ವರ್ಷವೇ ಅವರೊಂದಿಗೆ ಬಂದ ಸಿಡುಬು ಊರಿನ ಜನರನ್ನು ಗುಂಪುಗುಂಪಾಗಿ ಕೊಂದಿತ್ತು. ರೋಗ ತಂದವರು ಯಾರು, ನೀರು ಕೆಡಿಸಿದವರು ಯಾರು ಎಂಬುದನ್ನು ನೋಡಿದರೆ ಆ ಹೆಸರು ನನಗೆ ರುಚಿಸುವುದಿಲ್ಲ. 'ಡೆಲ್ಲಿ ಬೆಲ್ಲಿ' ಎಂದು ನಮ್ಮ ಬಗ್ಗೆ ಅನ್ನುವಾಗ ನಮಗೆ ಹೇಗನಿಸುತ್ತದೆಯೋ ಅವರಿಗೂ ಹಾಗೆಯೇ.

ಇರಲಿ, ನೀರಿನ ವಿಷಯಕ್ಕೆ ಬರುತ್ತೇನೆ.

ಗ್ವಾದಲಹಾರಕ್ಕೆ ಹೆಚ್ಚಿನ ನೀರು ಬರುವುದು ದಕ್ಷಿಣಕ್ಕಿರುವ ಚಪಾಲ ಸರೋವರದಿಂದ. ಅದು ಆ ದೇಶದ ಅತಿ ದೊಡ್ಡ ಸರೋವರ. ನೀರನ್ನು ಶುದ್ಧೀಕರಿಸಿ, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. 1991ರಲ್ಲಿ ಕಾಲರಾ ಪೆರು ದೇಶದಿಂದ ಹಬ್ಬುತ್ತ ಮೆಕ್ಸಿಕೋ ತಲುಪಿದಾಗ ಸರಕಾರ ಊರಿನ ನೀರಿಗೆ ಕ್ಲೋರಿನ್ ಹಾಕುವ ಕೆಲಸವನ್ನು ಬಿಗಿಗೊಳಿಸಿತು, ಕೊಳಚೆ ನೀರಿನಲ್ಲಿ ಹಸಿ ತರಕಾರಿ ಬೆಳೆಯುವುದಕ್ಕೂ ತಡೆ ಹಾಕಿತು. ಹಾಗಿದ್ದರೂ ನಲ್ಲಿಯ ನೀರನ್ನು ಕುಡಿಯುವುದಿಲ್ಲ ಏಕೆ? ಉತ್ತರ ಬೆಂಗಳೂರಿನಲ್ಲಿರುವವರಿಗೆ ಹೇಳಬೇಕಾಗಿಯೇ ಇಲ್ಲ. ಹಳೆಯ ಕೊಳವೆಗಳು, ಅಲ್ಲಲ್ಲಿ ಸೋರಿಕೆ. ನೀರು ಬಿಟ್ಟು ನಿಲ್ಲಿಸಿದಾಗ ಕೊಳವೆಯೊಳಗೆ ಒತ್ತಡ ಇಳಿದು ಸುತ್ತಲಿನ ಕೊಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿಂದ ಮನೆಯ ನೆಲದಡಿಯ ಸಂಪು, ಅದಕ್ಕೆ ಅವರು 'ಸಿಸ್ತೆರ್ನ' ಎನ್ನುತ್ತಾರೆ. ಸಂಪಿನಿಂದ ಪಂಪು, ಪಂಪಿನಿಂದ ತಾರಸಿಯ ಮೇಲಿನ ಟ್ಯಾಂಕು, ಅದು 'ತಿನಾಕೊ'. ಮಗಳ ಮನೆಯ ತಾರಸಿಯಿಂದ ನೋಡಿದರೆ ಸುತ್ತಲೂ ಕಪ್ಪು ಟ್ಯಾಂಕುಗಳ ಸಾಲು. ನನ್ನಾಕೆ ನೋಡಿ, "ರೀ, ಇದು ನಮ್ಮ ಬಸವೇಶ್ವರನಗರವೇ" ಎಂದಳು. ಕಾರ್ಖಾನೆಯಿಂದ ಹೊರಡುವ ನೀರು ಶುದ್ಧವಿರಬಹುದು. ನಮ್ಮ ಲೋಟ ತಲುಪುವ ನೀರು ಆ ಟ್ಯಾಂಕನ್ನು ಕಡೆಯ ಬಾರಿ ತೊಳೆದದ್ದು ಯಾವಾಗ ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ಮನೆಮನೆಯಲ್ಲೂ 'ಗರ್ರಾಫೋನ್'. ಇಪ್ಪತ್ತು ಲೀಟರಿನ ಕ್ಯಾನು. ಗಾಡಿಯವನು ಬೀದಿಯಲ್ಲಿ ಕೂಗುತ್ತ ಬರುತ್ತಾನೆ, ಖಾಲಿ ಕೊಟ್ಟು ತುಂಬಿದ್ದನ್ನು ಇಳಿಸಿಕೊಳ್ಳುವುದು. ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಾಟಲಿ ನೀರು ಕೊಳ್ಳುವ ಜನರಲ್ಲಿ ಮೆಕ್ಸಿಕೋದವರು ಸೇರಿದ್ದಾರೆ. ಇದನ್ನು ಕಂಡ ಮೇಲೆ ನನ್ನ ತಲೆಯಲ್ಲಿದ್ದ ಒಂದು ತಪ್ಪು ಚಿತ್ರ ಅಳಿಸಿಹೋಯಿತೆನ್ನಬೇಕು. "ಅಲ್ಲಿಯವರು ಕುಡಿಯುತ್ತಾರೆ, ನಾವು ಕುಡಿಯಲಾಗದು" ಎಂದು ಪುಸ್ತಕಗಳು ಬರೆಯುತ್ತವೆ. ಅಲ್ಲಿಯವರೂ ಕುಡಿಯುವುದಿಲ್ಲ. ಬಡವರು ಕುದಿಸುತ್ತಾರೆ, ಉಳ್ಳವರು ಕೊಳ್ಳುತ್ತಾರೆ.

ಈ ಮಾತನ್ನು ನನಗೆ ಮನದಟ್ಟು ಮಾಡಿಸಿದವರು ಎದುರುಮನೆಯ ಅಜ್ಜಿ. ನನಗಿಂತ ಎರಡೋ ಮೂರೋ ವರ್ಷ ಹಿರಿಯರು. ನಾವು ಹೋದ ಮೂರನೆಯ ದಿನವೇ ಒಂದು ದೊಡ್ಡ ಗಾಜಿನ ಜಗ್ಗಿನಲ್ಲಿ ಮಾಣಿಕ್ಯದಂತೆ ಕೆಂಪಗಿದ್ದ ಪಾನಕವನ್ನು ಹಿಡಿದು ಬಾಗಿಲಿಗೆ ಬಂದರು. ಮೇಲೆ ಮಂಜುಗಡ್ಡೆಯ ತುಂಡುಗಳು ತೇಲುತ್ತಿದ್ದವು. 'ಆಗ್ವ ದೆ ಹಮಾಯ್ಕ' ಎಂದು ಅದರ ಹೆಸರು. ನಮ್ಮ ಉತ್ತರ ಕರ್ನಾಟಕದ ಪುಂಡಿಯ ಜಾತಿಯದೇ ಗಿಡ, ಅದರ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ, ನೀರಿನಲ್ಲಿ ಹಾಕಿ, ಸಕ್ಕರೆ ಬೆರೆಸಿ ಮಾಡುತ್ತಾರೆ. ಹುಳಿ, ಸಿಹಿ, ತಂಪು. ನನ್ನಾಕೆ ಜಗ್ಗನ್ನು ನೋಡಿದಳು, ನನ್ನನ್ನು ನೋಡಿದಳು. ಮನೆಗೆ ಬಂದವರಿಗೆ ಪಾನಕ ಕೊಟ್ಟು ಬೆಳೆದವಳು ಅವಳು. ಕೊಟ್ಟ ಪಾನಕವನ್ನು ಬೇಡವೆನ್ನುವುದು ಎಂಥ ಅವಮಾನವೆಂದು ಅವಳಿಗೆ ಗೊತ್ತು. ಬೇಡವೆನ್ನದಿದ್ದರೆ ಏನಾಗಬಹುದೆಂಬುದೂ ಗೊತ್ತು. ಆ ಎರಡು ಕ್ಷಣ ನಾನು ವೈದ್ಯರ ಮಾತನ್ನೂ ಆ ಮುದುಕಿಯ ಮುಖವನ್ನೂ ಒಟ್ಟಿಗೆ ನೋಡುತ್ತ ನಿಂತಿದ್ದೆ.

ಮಗಳು ಸಂಕೋಚವಿಲ್ಲದೆ ಸ್ಪ್ಯಾನಿಷ್‌ನಲ್ಲಿ ಕೇಳಿಯೇಬಿಟ್ಟಳು: "ಎಸ್ ಆಗ್ವ ದೆ ಗರ್ರಾಫೋನ್?" ಕ್ಯಾನಿನ ನೀರೇ? ಅಮ್ಮನಿಗೆ ಮೂತ್ರಪಿಂಡದ ತೊಂದರೆ ಇದೆ ಎಂದೂ ಸೇರಿಸಿದಳು. ಅಜ್ಜಿಗೆ ಕೋಪ ಬರುವುದಿರಲಿ, ಮಗಳ ಕೈ ಹಿಡಿದು ನಮ್ಮನ್ನೆಲ್ಲ ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಕ್ಯಾನು. ಹೂವನ್ನು ಕುದಿಸಿದ ಪಾತ್ರೆ ಇನ್ನೂ ಒಲೆಯ ಮೇಲಿತ್ತು. ಮಂಜುಗಡ್ಡೆ ಅಂಗಡಿಯಿಂದ ತಂದ ಮೊಹರು ಮಾಡಿದ ಚೀಲದ್ದು. ನಡುವೆ ತೂತಿರುವ ಕೊಳವೆಯಾಕಾರದ ತುಂಡುಗಳನ್ನು ಎತ್ತಿ ತೋರಿಸಿ, ಇಂಥವು ಕಾರ್ಖಾನೆಯಲ್ಲಿ ಶುದ್ಧ ನೀರಿನಿಂದ ಮಾಡಿದವು, ಗಡ್ಡೆಯಿಂದ ಒಡೆದ ಚೂರು ಕಂಡರೆ ಮುಟ್ಟಬೇಡಿ ಎಂದರು. ನನ್ನಾಕೆ ಎರಡು ಲೋಟ ಕುಡಿದಳು. ಅಂದಿನಿಂದ ನಮ್ಮ ನಿಯಮ ಇಷ್ಟೆ: ಬೇಡವೆನ್ನುವ ಮುಂಚೆ ಕೇಳುವುದು. ಕೇಳಿದ್ದಕ್ಕೆ ಮುನಿದವರು ಆರು ವಾರದಲ್ಲಿ ಒಬ್ಬರೂ ಸಿಗಲಿಲ್ಲ. ನೀರು ಕುಡಿಯುವ ವಿಷಯದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಜ್ಜಿಯ ಅಡುಗೆಮನೆ ನನಗೆ ಪಾಠಶಾಲೆಯಾಯಿತು. ಕೊತ್ತಂಬರಿ ಸೊಪ್ಪು, ಟೊಮೇಟೊ, ಸೌತೆ, ಎಲ್ಲವನ್ನೂ ಮೊದಲು ತೊಳೆದು ಮಣ್ಣು ತೆಗೆಯುತ್ತಿದ್ದರು. ನಂತರ ಬೋಗುಣಿಯ ನೀರಿಗೆ ಪುಟ್ಟ ಶೀಶೆಯಿಂದ ಹನಿ ಹಾಕಿ ನೆನೆಸುತ್ತಿದ್ದರು. ಅದು ಬೆಳ್ಳಿಯ ಅಂಶವಿರುವ ದ್ರಾವಣ, 'ಮೈಕ್ರೊಡೀನ್' ಎಂಬುದು ಎಲ್ಲ ಅಂಗಡಿಯಲ್ಲೂ ಸಿಗುವ ಹೆಸರು. ಶೀಶೆಯ ಮೇಲೆ ಬರೆದಷ್ಟು ಹನಿ, ಬರೆದಷ್ಟು ನಿಮಿಷ. ಮಣ್ಣು ಹೋಗದೆ ಹನಿ ಹಾಕಿದರೆ ಪ್ರಯೋಜನ ಕಡಿಮೆ. ಇನ್ನೊಂದು ಮಾತು, ಇಂಥ ಹನಿಗಳು ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತವೆ, ಗಟ್ಟಿ ಕವಚವಿರುವ ಪರೋಪಜೀವಿಗಳನ್ನಲ್ಲ. ಸೊಪ್ಪಿನ ಮಡಿಕೆಗಳಲ್ಲಿ ಅಡಗಿರುವುದನ್ನು ಯಾವ ದ್ರಾವಣವೂ ಪೂರ್ತಿ ತೆಗೆಯದು. ಆದುದರಿಂದ ಹೊರಗೆ ಹೋದಾಗ ಹಸಿ ಸೊಪ್ಪಿನ ಸಲಾಡನ್ನು ನಾವು ಸಂಪೂರ್ಣ ಬಿಟ್ಟೆವು. ನಷ್ಟವೇನೂ ಆಗಲಿಲ್ಲ. ಎಲೆ ಜಗಿಯುವುದು ನಮ್ಮ ಸಂಪ್ರದಾಯವೂ ಅಲ್ಲ, ವೀಳ್ಯದೆಲೆಯನ್ನು ಬಿಟ್ಟರೆ.

ಊಟದಲ್ಲಿ ನಮ್ಮನ್ನು ಕಾಪಾಡಿದ್ದು ಕಾವಲಿ. ಅಲ್ಲಿ ಅದು 'ಕೊಮಾಲ್'. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ಕಳೆದು, ಅರೆದು, ತಟ್ಟಿ ಕಾವಲಿಯ ಮೇಲೆ ಬೇಯಿಸಿದ ರೊಟ್ಟಿ ತೋರ್ತಿಯಾ. (ಸುಣ್ಣ ಹಾಕುವುದರಿಂದ ಜೋಳದಲ್ಲಿ ಬಂಧಿತವಾಗಿರುವ ನಿಯಾಸಿನ್ ಎಂಬ ಜೀವಸತ್ವ ನಮ್ಮ ದೇಹಕ್ಕೆ ದಕ್ಕುತ್ತದೆ. ಜೋಳವನ್ನು ಕೊಂಡೊಯ್ದು ಸುಣ್ಣವನ್ನು ಅಲ್ಲೇ ಬಿಟ್ಟ ಯುರೋಪಿನವರು ಪೆಲಾಗ್ರ ಎಂಬ ಕಾಯಿಲೆ ಅನುಭವಿಸಿದರು. ಇದನ್ನು ಇನ್ನೊಮ್ಮೆ ಬರೆಯುತ್ತೇನೆ.) ಕಣ್ಣೆದುರಿಗೆ ಬೆಂದು, ಕೈ ಸುಡುವಂತೆ ಬಂದ ಆಹಾರ ಬೀದಿಯದಾದರೂ ಭಯವಿಲ್ಲ. ಬೆಳ್ಳಿಯ ತಟ್ಟೆಯಲ್ಲಿ ಬಂದ ಉಗುರು ಬೆಚ್ಚಗಿನ ಆಹಾರಕ್ಕೆ ಹೆದರಬೇಕು. ಐದು ಡಿಗ್ರಿಯಿಂದ ಅರವತ್ತು ಡಿಗ್ರಿಯ ನಡುವೆ ಇಟ್ಟ ಆಹಾರದಲ್ಲಿ ಬ್ಯಾಕ್ಟೀರಿಯಾಗಳು ಸಂಸಾರ ಬೆಳೆಸುತ್ತವೆ. ದೊಡ್ಡ ಹೋಟೆಲುಗಳ ಬೆಳಗಿನ ಬಫೆಯಲ್ಲಿ ಬಹಳ ಹೊತ್ತಿನಿಂದ ತೆರೆದಿಟ್ಟ ಪಾತ್ರೆಗಳೆಂದರೆ ನನಗೆ ಅನುಮಾನ. ಬೀದಿಯ ಅಂಗಡಿಯಲ್ಲಿ ನಾನು ನೋಡುತ್ತಿದ್ದದ್ದು ಮೂರು ಸಂಗತಿ. ಸ್ಥಳೀಯರ ಗುಂಪು ಇದೆಯೇ, ಏಕೆಂದರೆ ಗುಂಪಿದ್ದಲ್ಲಿ ಆಹಾರ ಹಳಸಲು ಸಮಯವಿರುವುದಿಲ್ಲ. ಹಣ ಮುಟ್ಟುವ ಕೈಯೂ ರೊಟ್ಟಿ ಮುಟ್ಟುವ ಕೈಯೂ ಬೇರೆಯೇ. ತಟ್ಟೆಯನ್ನು ಹೇಗೆ ತೊಳೆಯುತ್ತಾರೆ. ಈ ಮೂರನೆಯದಕ್ಕೆ ಅವರ ಉಪಾಯ ಬಹಳ ಜಾಣತನದ್ದು. ತಟ್ಟೆಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿ ಅದರ ಮೇಲೆ ಬಡಿಸುತ್ತಾರೆ, ಒಬ್ಬರು ಉಂಡ ಮೇಲೆ ಚೀಲ ತೆಗೆದು ಹೊಸದನ್ನು ತೊಡಿಸುತ್ತಾರೆ. ಪರಿಸರವಾದಿಗಳು ಒಪ್ಪಲಾರರು, ಹೊಟ್ಟೆ ಒಪ್ಪುತ್ತದೆ.

ಸಸ್ಯಾಹಾರಿಗಳಿಗೆ ಒಂದು ಸೂಚನೆ: ಬೇಯಿಸಿದ ಕಾಳಿನ ಮುದ್ದೆಯಲ್ಲಿ ಹಂದಿಯ ಕೊಬ್ಬೂ ಅನ್ನದಲ್ಲಿ ಕೋಳಿಯ ಸಾರೂ ಇರುವುದುಂಟು. ಅದನ್ನೂ ಕೇಳಿಯೇ ತಿನ್ನಬೇಕು.

ಅಪಾಯ ಇರುವುದು ರೊಟ್ಟಿಯಲ್ಲಲ್ಲ, ಅದರ ಪಕ್ಕದ ಬಟ್ಟಲಿನಲ್ಲಿ. ಮೇಜಿನ ಮೇಲೆ ಬೆಳಗಿನಿಂದ ಕುಳಿತಿರುವ ಸಾಲ್ಸ ಎಂಬ ಚಟ್ನಿ. ಹಸಿ ಟೊಮೇಟೊ, ಹಸಿ ಈರುಳ್ಳಿ, ಹಸಿ ಕೊತ್ತಂಬರಿ, ಬಂದವರೆಲ್ಲ ಅದ್ದುವ ಚಮಚ. ಗ್ವಾದಲಹಾರದ ಹೋಟೆಲುಗಳ ಸಾಲ್ಸವನ್ನು ಪರೀಕ್ಷಿಸಿದ ಸಂಶೋಧಕರಿಗೆ ಅದರಲ್ಲಿ ಇ. ಕೋಲೈ ಸಿಕ್ಕಿದೆ. ಖಾರ ಹೆಚ್ಚಿದ್ದರೆ ಕ್ರಿಮಿ ಸಾಯುತ್ತದೆ, ನಿಂಬೆರಸ ಹಿಂಡಿದರೆ ಶುದ್ಧವಾಗುತ್ತದೆ ಎಂಬ ಮಾತು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ನಂಬುವಂಥದ್ದಲ್ಲ. ಮೆಣಸಿನಕಾಯಿ ಆ ನಾಡಿನಿಂದ ನಮಗೆ ಬಂದದ್ದು ನಿಜ, ಅದು ಔಷಧಿಯಾಗಿ ಬಂದಿಲ್ಲ. ಹಣ್ಣಿನಲ್ಲಿ ಮಾತ್ರ ನಮಗೆ ಹಬ್ಬ. ಪರಂಗಿ, ಸೀಬೆ, ಸಪೋಟ, ಎಲ್ಲವೂ ಆ ಖಂಡದಿಂದಲೇ ನಮ್ಮಲ್ಲಿಗೆ ಬಂದವು. 'ಚಿಕ್ಕು' ಎಂಬ ಹೆಸರಿನಲ್ಲಿ ಅವರ 'ಚಿಕೊಸಪೋತೆ'ಯ ಅರ್ಧ ಇನ್ನೂ ಉಳಿದಿದೆ. ಇಡೀ ಹಣ್ಣನ್ನು ಕೊಂಡು, ಮನೆಯಲ್ಲಿ ತೊಳೆದು, ಕೈ ತೊಳೆದು, ನಾವೇ ಸಿಪ್ಪೆ ತೆಗೆದು ತಿಂದರೆ ಚಿಂತೆಯಿಲ್ಲ. ಕತ್ತರಿಸಿ, ಲೋಟದಲ್ಲಿ ತುಂಬಿ, ಮೆಣಸಿನ ಪುಡಿ ಉದುರಿಸಿ ಮಾರುವುದನ್ನು ನೋಡಿ ಸಂತೋಷಪಟ್ಟು ಮುಂದೆ ನಡೆಯುತ್ತಿದ್ದೆವು. ಹಸಿ ಹಾಲಿನ ಮೆತ್ತನೆಯ ಗಿಣ್ಣನ್ನೂ ದೂರವಿಟ್ಟೆವು.

ಹಲ್ಲುಜ್ಜುವ ನೀರು, ಬಾಯಿ ಮುಕ್ಕಳಿಸುವ ನೀರು, ಮಾತ್ರೆ ನುಂಗುವ ನೀರು ಎಲ್ಲವೂ ಕ್ಯಾನಿನದೇ. ಸ್ನಾನದ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂದು ಮಗಳು ತಾಕೀತು ಮಾಡಿದ್ದರಿಂದ, ಎಪ್ಪತ್ತು ವರ್ಷ ಸ್ನಾನದಲ್ಲಿ ಹೇಳಿಕೊಂಡು ಬಂದ ಸ್ತೋತ್ರವನ್ನು ನಾನು ಆರು ವಾರ ಮನಸ್ಸಿನಲ್ಲೇ ಹೇಳಿಕೊಂಡೆ. ಕೈಗೆ ಹಚ್ಚುವ ಮದ್ಯಸಾರದ ಜೆಲ್ಲು ಸಾಬೂನಿಗೆ ಸಮವಲ್ಲ. ನೊರೋವೈರಸ್ಸಿನಂಥ ಕೆಲವು ರೋಗಾಣುಗಳಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಸಾಬೂನು, ನೀರು, ಉಜ್ಜುವುದು, ಇದಕ್ಕೆ ಬದಲಿಲ್ಲ.

ಫೆಬ್ರವರಿಯಲ್ಲಿ ನಾಲ್ಕು ದಿನ ಮೆಕ್ಸಿಕೋ ನಗರಕ್ಕೆ ಹೋದೆವು. ಬಸ್ಸಿನಲ್ಲಿ ಏಳು ಗಂಟೆಯ ಹಾದಿ. ಆ ನಗರದ ನೀರಿನ ಕಥೆಯೇ ಬೇರೆ. ಸರೋವರವನ್ನು ಬತ್ತಿಸಿ ಅದರ ಮೇಲೆ ಕಟ್ಟಿದ ನಗರ ನೆಲದಡಿಯ ನೀರನ್ನು ಎತ್ತಿ ಎತ್ತಿ ವರ್ಷವರ್ಷವೂ ಕುಸಿಯುತ್ತಿದೆ. ನೆಲ ಕುಸಿದಾಗ ಕೊಳವೆ ಒಡೆಯುತ್ತದೆ, ಒಡೆದಲ್ಲಿ ಕೊಳೆ ಸೇರುತ್ತದೆ. ದೂರದ ಕುಟ್ಸಮಾಲ ಜಲಾಶಯಗಳಿಂದ ಬೆಟ್ಟ ಹತ್ತಿಸಿ ತರುವ ನೀರು ಆ ವರ್ಷ ಅರ್ಧಕ್ಕಿಂತ ಕೆಳಗಿಳಿದು, ಬಡಾವಣೆಗಳಿಗೆ ಟ್ಯಾಂಕರು ಓಡಾಡುತ್ತಿದ್ದವು. ನಾವು ಮಾರ್ಚಿಯಲ್ಲಿ ಬೆಂಗಳೂರಿಗೆ ಹಿಂದಿರುಗಿದಾಗ ಇಲ್ಲಿಯೂ ಬೋರ್‌ವೆಲ್ ಬತ್ತಿ ಅದೇ ಟ್ಯಾಂಕರು! ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೊಂದು ವಿಷಯ: ಮೆಕ್ಸಿಕೋ ನಗರ ಇರುವುದು 2,240 ಮೀಟರ್ ಎತ್ತರದಲ್ಲಿ. ವಾಯುವಿನ ಒತ್ತಡ ಕಡಿಮೆ, ಆದ್ದರಿಂದ ನೀರು ನೂರು ಡಿಗ್ರಿಗೆ ಬದಲು ಸುಮಾರು 92-93 ಡಿಗ್ರಿಯಲ್ಲೇ ಕುದಿಯುತ್ತದೆ. ಕುಡಿಯುವ ನೀರನ್ನು ಕೊತಕೊತನೆ ಒಂದು ನಿಮಿಷ ಕುದಿಸಿದರೆ ಸಾಕೆಂಬ ನಿಯಮ, ಸುಮಾರು ಎರಡು ಸಾವಿರ ಮೀಟರಿನ ಮೇಲೆ ಮೂರು ನಿಮಿಷವಾಗುತ್ತದೆ. ಗ್ವಾದಲಹಾರ ಹದಿನೈದು ನೂರು ಮೀಟರಿನ ಆಸುಪಾಸು, ಅಲ್ಲಿ ಒಂದೇ ನಿಮಿಷ ಸಾಕು.

ಇಷ್ಟೆಲ್ಲ ಮಾಡಿಯೂ ಎರಡನೆಯ ರಾತ್ರಿ ಹನ್ನೊಂದು ಗಂಟೆಗೆ ನನ್ನಾಕೆಗೆ ಭೇದಿ ಶುರುವಾಯಿತು.

ಯಾವುದರಿಂದ ಎಂದು ಅಳಿಯ ಪಟ್ಟಿ ಮಾಡತೊಡಗಿದ. ನಾನು ನಿಲ್ಲಿಸಿದೆ. ಇ. ಕೋಲೈಗೆ ಒಂದರಿಂದ ಮೂರು ದಿನ ಬೇಕು, ನೊರೋವೈರಸ್ಸಿಗೆ ಅರ್ಧ ದಿನದಿಂದ ಎರಡು ದಿನ. ಆರೋಪಿ ಆ ದಿನದ ಊಟವೂ ಆಗಬಹುದು, ಬಸ್ಸಿನ ಕಂಬಿಯೂ ಆಗಬಹುದು. ಎಚ್ಚರಿಕೆಯಿಂದ ಅಪಾಯ ತಗ್ಗುತ್ತದೆ, ಶೂನ್ಯಕ್ಕೆ ಇಳಿಯುವುದಿಲ್ಲ. ಮೂರು ಗಂಟೆಯ ಹೊತ್ತಿಗೆ ಐದು ಸಲ ಆಗಿತ್ತು. ಜ್ವರವಿಲ್ಲ, ರಕ್ತವಿಲ್ಲ. ಅಲ್ಲಿ ಬೆಳಗಿನ ಜಾವ ಮೂರೆಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆ. ವೈದ್ಯರು ಫೋನು ಎತ್ತಿದರು. ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ರಕ್ತದೊತ್ತಡದ ಒಂದು ಮಾತ್ರೆಯನ್ನೂ ತಾವು ಹೇಳುವವರೆಗೆ ನಿಲ್ಲಿಸಲು ತಿಳಿಸಿದರು. (ದೇಹದಲ್ಲಿ ನೀರು ಇಳಿದಾಗ ಆ ಬಗೆಯ ಮಾತ್ರೆಗಳು ಮೂತ್ರಪಿಂಡಕ್ಕೆ ಭಾರವಾಗುತ್ತವೆ. ನೀವು ಯಾರೂ ಇದನ್ನು ಓದಿ ತಾವಾಗಿ ಮಾತ್ರೆ ಬಿಡಬೇಡಿ. ಹೊರಡುವ ಮುನ್ನವೇ ನಿಮ್ಮ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.) ಪ್ರವಾಸಿಗರು ಜೇಬಿನಲ್ಲಿಟ್ಟುಕೊಳ್ಳುವ ಗುಲಾಬಿ ಬಣ್ಣದ ಬಿಸ್ಮತ್ ಔಷಧಿ ಮೂತ್ರಪಿಂಡ ದುರ್ಬಲವಿರುವವರಿಗೆ ಸಲ್ಲದೆಂದು ಮೊದಲೇ ಹೇಳಿದ್ದರು. ಆಸ್ಪಿರಿನ್ ಒಗ್ಗದವರಿಗೂ ಅದು ಸಲ್ಲದು. ಉಳಿದದ್ದು ಒಂದೇ, ಓಆರ್‌ಎಸ್. ಎಂಟು ಗಂಟೆ ಮೂತ್ರ ಬಾರದಿದ್ದರೆ, ತಲೆ ಸುತ್ತಿ ಏಳಲಾಗದಿದ್ದರೆ, ಕುಡಿದದ್ದು ನಿಲ್ಲದಿದ್ದರೆ, ಕಾಯದೆ ಆಸ್ಪತ್ರೆಗೆ ಎಂದರು.

ಆ ಪುಡಿಯ ಪೊಟ್ಟಣವನ್ನು ಲೀಟರು ನೀರಿಗೆ ಕಲಸುವಾಗ ನನ್ನ ಕೈ ನಡುಗುತ್ತಿತ್ತು. ಇದುವರೆಗೆ ಇಲ್ಲಿ ಬರೆಯದ ಒಂದು ಸಂಗತಿ ಇದೆ. 1958ರಲ್ಲಿ ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ವಾಂತಿಭೇದಿ ಬಂದಾಗ ನನ್ನ ತಂಗಿಗೆ ನಾಲ್ಕು ವರ್ಷ. ಬೆಳಗ್ಗೆ ಆಡುತ್ತಿದ್ದವಳು ಸಂಜೆಗೆ ಮಾತಿಲ್ಲದೆ ಮಲಗಿದ್ದಳು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಆಗ ಎಲ್ಲರ ನಂಬಿಕೆ. ಅವಳು ನೀರು ಕೇಳುತ್ತಿದ್ದಳು, ಅವ್ವ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ಮುಗಿಯಿತು. ಅವ್ವ ತೊಂಬತ್ತರವರೆಗೆ ಬದುಕಿದರು. ಯಾರ ಮನೆಗೆ ಹೋದರೂ ಮಕ್ಕಳಿಗೆ ಮೊದಲು ನೀರು ಕೊಡಿ ಎನ್ನುತ್ತಿದ್ದರು.

ಕರುಳಿನ ವಿಷ ಉಪ್ಪನ್ನೂ ನೀರನ್ನೂ ಹೊರಕ್ಕೆ ಸುರಿಸುತ್ತಿರುವಾಗಲೂ ಕರುಳಿನ ಗೋಡೆಯಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. ಉಪ್ಪಿನ ಸೋಡಿಯಮ್ಮೂ ಗ್ಲೂಕೋಸೂ ಜೊತೆಯಾಗಿ ಬಂದರೆ ಆ ಬಾಗಿಲು ಎರಡನ್ನೂ ಒಳಗೆ ಬಿಡುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಬರಿಯ ನೀರಿಗೆ, ಬರಿಯ ಉಪ್ಪಿಗೆ ಈ ಅನುಕೂಲವಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬೊಂಗಾವ್‌ನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನು ಮುಗಿದುಹೋಗಿ, ಡಾ. ದಿಲೀಪ್ ಮಹಲನಬೀಸ್ ಅವರು ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸಿನ ನೀರು ಕಲಸಿ, ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ನಾನು ಈ ಪಾಠವನ್ನು ತರಗತಿಯಲ್ಲಿ ಎಷ್ಟು ಸಲ ಮಾಡಿದ್ದೇನೆಂದು ನಿಮಗೆ ನೆನಪಿರಬಹುದು. ತಂಗಿಯ ವಿಷಯ ಹೇಳಿರಲಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮತಲ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಬೆಳಗಾಗುವವರೆಗೆ ಅವಳಿಗೆ ಚಮಚ ಚಮಚವಾಗಿ ಕುಡಿಸಿದೆ. ಗಟಗಟನೆ ಕುಡಿದರೆ ವಾಂತಿಯಾಗುತ್ತದೆ. ಪ್ರತಿ ಸಲ ಹೋಗಿಬಂದ ಮೇಲೆ ಒಂದು ಲೋಟದ ಲೆಕ್ಕ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಒಳಗೆ ಹೋದದ್ದು, ಹೊರಗೆ ಬಂದದ್ದು, ಮೂತ್ರ, ಎಲ್ಲದರ ಸಮಯ ಬರೆದೆ. ನಮ್ಮ ಪೊಟ್ಟಣಗಳು ಮುಗಿದಾಗ ಮಗಳು ಬೀದಿಯ ಔಷಧಿ ಅಂಗಡಿಗೆ ಓಡಿ "ಸುಯೆರೊ" ಎಂದಳಷ್ಟೆ. 'ವಿದಾ ಸುಯೆರೊ ಓರಾಲ್' ಎಂಬ ಪೊಟ್ಟಣಗಳನ್ನು ಕೈಗಿಟ್ಟರಂತೆ. ಅದೇ ಓಆರ್‌ಎಸ್, ಆ ದೇಶದ ಆರೋಗ್ಯ ಇಲಾಖೆ ಮನೆಮನೆಗೆ ಮುಟ್ಟಿಸಿದ ಹೆಸರು. ಬೆಳಗ್ಗೆ ಏಳೂಕಾಲಕ್ಕೆ ಚೀಟಿಯಲ್ಲಿ 'ಮೂತ್ರ' ಎಂಬ ಕಡೆ ಗುರುತು ಹಾಕಿದಾಗ ನನ್ನಾಕೆ, "ಪರೀಕ್ಷೆಯಲ್ಲಿ ಪಾಸಾದೆನೇ ಮೇಷ್ಟ್ರೇ?" ಎಂದಳು. ಸಂಜೆಗೆ ಮೆತ್ತಗಿನ ಅನ್ನ, ಬಾಳೆಹಣ್ಣು. ಭೇದಿ ನಿಂತಿತ್ತು. ತಿಯೊತಿವಾಕಾನ್ ಪಿರಮಿಡ್ಡುಗಳನ್ನು ಮೊಮ್ಮಗಳು ನೋಡಿಬಂದು ವರ್ಣಿಸಿದಳು, ನಾವಿಬ್ಬರೂ ಹಾಸಿಗೆಯ ಮೇಲೆ ಕುಳಿತು ಕೇಳಿದೆವು.

ಗ್ವಾದಲಹಾರಕ್ಕೆ ಹಿಂದಿರುಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನೈನ್ 2.0 ಇತ್ತು. ವೈದ್ಯರು ಕಾಯಿರಿ ಎಂದರು. ಎರಡು ವಾರ ಎಚ್ಚರಿಕೆಯಿಂದ ನೀರು ಕುಡಿಸಿ, ಬೆಂಗಳೂರಿಗೆ ಬಂದ ನಾಲ್ಕನೆಯ ದಿನ ಮತ್ತೆ ಮಾಡಿಸಿದಾಗ 1.8. ಆ ಹುಡುಗನಿಗೆ ಹೇಳುವುದಿಷ್ಟು: ತಾಯಿಯವರ ಮಾತ್ರೆಗಳ ಪಟ್ಟಿಯನ್ನು ಹೊರಡುವ ಮುನ್ನ ವೈದ್ಯರಿಗೆ ತೋರಿಸು, ಹತ್ತು ಪೊಟ್ಟಣ ಕೈಚೀಲದಲ್ಲಿಡು, ಸೂಟ್‌ಕೇಸಿನಲ್ಲಲ್ಲ. ಎದುರುಮನೆಯ ಅಜ್ಜಿ ಇನ್ನೂ ಅಲ್ಲಿಯೇ ಇದ್ದಾರೆ. ವಿಳಾಸವನ್ನು ಫೋನಿನಲ್ಲಿ ಕೊಡುತ್ತೇನೆ. ಹೋಗುವಾಗ ಅವರಿಗೆ ಸ್ವಲ್ಪ ಏಲಕ್ಕಿ ತೆಗೆದುಕೊಂಡು ಹೋಗು.